ಡ್ರಿಪ್ಪರ್ ಅಂದ್ರ ಬರೀ ಹನಿ ನೀರಾವರಿದಲ್ಲ: ಕಾಫಿ ಸೋಸೋದರ ಇತಿಹಾಸ, ಮತ್ತ ಹೊಸಬರು ಯಾವುದು ತಗೋಬೇಕು



ಈ ಸಲ ದ್ರಾಕ್ಷಿ ಬಗ್ಗೆ ಬರೀತಿಲ್ಲ. ಎಪ್ರಿಲ್ ಚಾಟ್ನಿ ಮುಗೀತು, ಶೆಡ್ಡಿನಾಗಿನ ಮಣೂಕ ಎಲ್ಲಾ ಕೋಲ್ಡ್ ಸ್ಟೋರೇಜಿಗೆ ಹೋತು. ಸ್ವಲ್ಪ ಪುರಸೊತ್ತು ಸಿಕ್ಕೈತಿ. ಹಿಂಗಾಗಿ ನಾಲ್ಕು ತಿಂಗಳಿಂದ ನನ್ನ ಮನ್ಯಾಗ ನಡದಿರೋ ಒಂದು ವಿಷಯ ಬರೀತೀನಿ. ಉದ್ದ ಆಗ್ತೈತಿ, ಚಾ ಕುಡಕೋತ ಓದ್ರಿ. ಓದಿ ಮುಗಿಸೋದ್ರಾಗ ಚಾ ಬ್ಯಾಡ ಅನ್ನಿಸಿದ್ರ ನಾನು ಜವಾಬ್ದಾರನಲ್ಲ.

ಸಂಕ್ರಾಂತಿ ಆದಮ್ಯಾಲೆ ಮಗಳು ಬೆಂಗಳೂರಿನಿಂದ ಒಂದು ಪಾರ್ಸಲ್ ಕಳಿಸಿದ್ಲು. ಐಗಳಿ ಕ್ರಾಸಿನಾಗ ಹೋಗಿ ಇಸ್ಕೊಂಡು ಬಂದೆ. ಡಬ್ಬಿ ಮ್ಯಾಲೆ ಇಂಗ್ಲಿಷಿನಾಗ ‘ಡ್ರಿಪ್ಪರ್’ ಅಂತ ಬರದಿತ್ತು. ಯಾವುದೋ ಕಂಪನಿಯ ಹೊಸಾ ಡ್ರಿಪ್ಪರ್ ಸ್ಯಾಂಪಲ್ ಇರಬೇಕು, ಮಗಳಿಗೆ ಅಂತೂ ಅಪ್ಪನ ಹೊಲ ನೆನಪಾತು ಅಂದ್ಕೊಂಡೆ. ತಗದು ನೋಡಿದ್ರ ಪ್ಲಾಸ್ಟಿಕಿನ ಒಂದು ಲಾಳಿಕೆ, ಕೆಳಗ ಒಂದು ದೊಡ್ಡ ತೂತು. ಜೋಡಿ ಒಂದಿಷ್ಟು ಬಿಳಿ ಕಾಗದ. ಡಿಸೇಲ್ ಹಾಕೋ ಲಾಳಿಕೆ ಇದಕ್ಕಿಂತ ಗಟ್ಟಿ ಇರ್ತೈತಿ ಅಂತ ಮನಿಯವರು ನಕ್ಕರು.

ಮಗಳು ಅದನ್ನ ಚೈನಿ ಸಲುವಾಗಿ ಕಳಿಸಿರಲಿಲ್ಲ. ಹೋದ ದೀಪಾವಳಿ ಮುಂದ ನನಗ ಸಕ್ಕರಿ ಕಾಯಿಲೆ ಐತಿ ಅಂತ ಗೊತ್ತಾತು. ಡಾಕ್ಟರು ದಿನಕ್ಕ ಎಷ್ಟು ಚಾ ಕುಡೀತೀರಿ ಅಂತ ಕೇಳಿದ್ರು. ಲೆಕ್ಕ ಹಾಕಿದೆ. ಶೆಡ್ ಹಂಗಾಮಿನಾಗ ಆಳುಗಳ ಜೋಡಿ, ಗಿರಾಕಿ ಜೋಡಿ, ಕ್ರಾಸಿನಾಗ ಗೆಳೆಯರ ಜೋಡಿ, ಎಲ್ಲಾ ಕೂಡಿಸಿದ್ರ ಹತ್ತು ಹನ್ನೆರಡು ಕಪ್ಪು. ಪ್ರತಿ ಕಪ್ಪಿಗೂ ಎರಡು ಚಮಚ ಸಕ್ಕರಿ. ಡಾಕ್ಟರು ಮುಂದ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದ್ರು ಅಷ್ಟ. ಸಕ್ಕರಿ ಇಲ್ಲದ ಚಾ ಎಂಟು ದಿನ ಕುಡದೆ. ನನಗ ಅದು ಆಗಲಿಲ್ಲ. ನಮ್ಮ ಚಾದ ಪುಡಿನ ಹಂಗೈತಿ, ಹಾಲು ಸಕ್ಕರಿ ಹಾಕಿ ಕುದಿಸಾಕಂತನ ಮಾಡಿದ್ದು. ಅದಕ್ಕ ಮಗಳು, “ಅಪ್ಪಾ, ಸಕ್ಕರಿ ಹಾಲು ಎರಡೂ ಬೇಡದ ಕಾಫಿ ಐತಿ, ಕುಡದು ನೋಡು” ಅಂದಿದ್ಲು.

ಶೆಡ್ಡಿಗೆ ಬಂದ ಹಿರಿಯರೊಬ್ರು ಇದನ್ನ ನೋಡಿ, “ಇಷ್ಟಕ್ಕ ಇದೆಲ್ಲಾ ಯಾಕ? ಅರಿವಿ ತಗೊಂಡು ಸೋಸಿದ್ರ ಆಗೂದಿಲ್ಲೇನು?” ಅಂದ್ರು. ಪ್ರಶ್ನೆ ಖರೇನ ಐತಿ ಅನ್ನಿಸ್ತು. ಅವತ್ತಿನಿಂದ ಓದಾಕ ಸುರು ಮಾಡಿದೆ. ಓದಿದ್ರ, ಜಗತ್ತಿನ ಮಂದಿನೂ ಇದ ಪ್ರಶ್ನೆ ಇಟ್ಟುಕೊಂಡು ಇನ್ನೂರು ವರ್ಷ ತಲಿ ಕೆಡಿಸ್ಕೊಂಡಾರ.

ಕಾಫಿ ನಮ್ಮ ರಾಜ್ಯದ್ದು, ನಾವು ಮಾತ್ರ ಚಾದವರು

ಮೊದಲು ಒಂದು ವಿಚಿತ್ರ ನೋಡ್ರಿ. ಭಾರತದಾಗ ಬೆಳೆಯೋ ಕಾಫಿಯಲ್ಲಿ ಸುಮಾರು ನೂರಕ್ಕ 70 ಪಾಲು ನಮ್ಮ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ, ಈ ಮೂರು ಜಿಲ್ಲೆಗಳದ್ದು. ಆದ್ರ ಅಥಣಿ ತಾಲೂಕಿನ ಯಾವ ಹಳ್ಳಿಗೆ ಹೋದ್ರೂ ಮೊದಲು ಬರೋದು ಚಾ. ಕಾಫಿ ಕೇಳಿದ್ರ ಬಿಸಿ ಹಾಲಿಗೆ ಇನ್ಸ್ಟಂಟ್ ಪುಡಿ ಕಲಸಿ ಕೊಡ್ತಾರ.

ಕಾಫಿ ನಮ್ಮ ದೇಶಕ್ಕ ಬಂದ ಕಥೆ ಶಾಲ್ಯಾಗ ಕೇಳಿರ್ತೀರಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅನ್ನೋ ಸೂಫಿ ಸಂತರು ಹಜ್ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ಮುಚ್ಚಿಟ್ಟುಕೊಂಡು ತಂದು, ಚಿಕ್ಕಮಗಳೂರಿನ ಚಂದ್ರದ್ರೋಣ ಗುಡ್ಡದಾಗ ಊರಿದ್ರು ಅಂತ ಪ್ರತೀತಿ. ಮೊಳಕಿ ಬರೋ ಬೀಜ ಹೊರಗ ಹೋಗಬಾರದು ಅಂತ ಅರಬ್ಬರು ಕಾವಲು ಕಾಯ್ತಿದ್ರಂತ. ಆ ಗುಡ್ಡಕ್ಕ ಈಗಲೂ ಅವರ ಹೆಸರೇ ಐತಿ. 19ನೇ ಶತಮಾನದಾಗ ಬ್ರಿಟಿಷ್ ಪ್ಲಾಂಟರುಗಳು ಬಂದು ದೊಡ್ಡ ತೋಟ ಮಾಡಿದ್ರು.

ಹಂಗಾದ್ರ ನಮ್ಮ ಕಡೆ ಯಾಕ ಬರಲಿಲ್ಲ? ನಾನು ಹಾಕಿದ ಲೆಕ್ಕ ಹಿಂಗೈತಿ. 1956ರ ನವೆಂಬರ್ 1ರ ತನಕ ನಾವು ಮುಂಬಯಿ ಕಡೆಯವರು. ಕಾಫಿ ತೋಟ ಇದ್ದದ್ದು ಹಳೇ ಮೈಸೂರಿನಾಗ ಮತ್ತ ಕೊಡಗಿನಾಗ. ನಮ್ಮ ಸಂತಿ, ವ್ಯಾಪಾರ, ರೈಲು ಎಲ್ಲಾ ಮಿರಜ, ಸಾಂಗಲಿ, ಕೊಲ್ಹಾಪುರದ ಕಡೆ. ಅಲ್ಲಿಂದ ಬಂದದ್ದು ಚಾ. ಅದೂ ತಾನಾಗೇ ಬರಲಿಲ್ಲ. 1903ರಲ್ಲಿ ಚಹಾ ಮೇಲೆ ಸೆಸ್ ಹಾಕೋ ಕಾಯ್ದೆ ಬಂತು. ಆ ದುಡ್ಡಿನಿಂದ ಮುಂದ ನಮ್ಮ ದೇಶದೊಳಗೇ ಚಾ ಪ್ರಚಾರ ನಡೀತು. 1930ರ ದಶಕದಾಗ ಹೊರದೇಶದ ಬೆಲೆ ಬಿದ್ದಾಗ ಪ್ರಚಾರ ಇನ್ನೂ ಜೋರಾತು. ಸಂತಿ, ಕಾರ್ಖಾನಿ, ರೈಲು ನಿಲ್ದಾಣ, ಎಲ್ಲಾ ಕಡೆ ಚಾ ಮಾಡಿ ತೋರ್ಸಿದ್ರು. ಅಂದ್ರ ನಾವು ‘ನಮ್ಮ ಹಿಂದಿನ ಕಾಲದಿಂದ’ ಅನ್ನೋ ಚಾ ರೂಢಿಗೆ ನೂರು ವರ್ಷದ ಮ್ಯಾಲೆ ಬಾಳ ವಯಸ್ಸಾಗಿಲ್ಲ.

ಇನ್ನೊಂದು ಸಂಗತಿ, ರೈತರಾದ ನಾವು ಮರೀಬಾರದ್ದು. ಶ್ರೀಲಂಕಾ ಒಂದು ಕಾಲಕ್ಕ ಕಾಫಿ ದೇಶ ಆಗಿತ್ತು. 1869ರಲ್ಲಿ ಎಲೆ ತುಕ್ಕು ರೋಗ ಬಂತು. ಎಲಿ ಹಿಂದ ಕಿತ್ತಳೆ ಪುಡಿ ಕಾಣಿಸೋ ಶಿಲೀಂಧ್ರ ಅದು. ಹತ್ತಿಪ್ಪತ್ತು ವರ್ಷದಾಗ ಕಾಫಿ ಮಣ್ಣುಪಾಲಾಗಿ, ಅದ ಜಾಗದಾಗ ಚಹಾ ತೋಟ ಎದ್ದವು. ಒಂದು ರೋಗ ಒಂದು ದೇಶದ ಬೆಳಿನ ಬದಲಿಸಿಬಿಡ್ತು. ಡೌನಿ ಬಂದು ಪಡ ಕಳಕೊಂಡವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಿಕ್ಕಮಗಳೂರು, ಕೊಡಗಿಗೂ ಆ ರೋಗ ಬಂತು. ಅದಕ್ಕ ತಡಕೊಳ್ಳೋ ತಳಿ ಹುಡುಕಾಕ ಅಂತ 1925ರಲ್ಲಿ ಬಾಳೆಹೊನ್ನೂರಿನಾಗ ಸಂಶೋಧನಾ ಕೇಂದ್ರ ಆತು. ಅಲ್ಲಿಂದ ಬಂದ ಎಸ್. 795 ತಳಿ ಇವತ್ತಿಗೂ ತೋಟದಾಗ ಐತಿ.

ಕುದಿಸೋದರಿಂದ ಸೋಸೋದರ ತನಕ

ಮೊದಮೊದಲು ಕಾಫಿ ಸೋಸೋದೇ ಇರಲಿಲ್ಲ. ಅರಬ್ಬರು, ತುರ್ಕರು ನುಣ್ಣಗ ಅರೆದ ಪುಡಿನ ನೀರಿನಾಗ ಕುದಿಸಿ, ಚರಟ ತಳಕ್ಕ ಕುಂತ ಮ್ಯಾಲೆ ಮ್ಯಾಲಿನ ತಿಳಿ ಕುಡೀತಿದ್ರು. ಈಗಲೂ ತುರ್ಕಿ ಕಾಫಿ ಹಂಗ ಐತಿ. 18ನೇ ಶತಮಾನದಾಗ ಫ್ರಾನ್ಸಿನಲ್ಲಿ ಅರಿವಿ ಚೀಲದಾಗ ಪುಡಿ ಹಾಕೋದು ಬಂತು. ನಮ್ಮ ಹಿರಿಯರು ಹೇಳಿದ್ದೂ ಅದನ್ನ. ಅರಿವಿ ಕೆಲಸ ಮಾಡ್ತೈತಿ, ಸುಳ್ಳಲ್ಲ. ಆದ್ರ ಅರಿವ್ಯಾಗ ಕಾಫಿ ಎಣ್ಣಿ ಕುಂದರ್ತೈತಿ. ಸರಿ ತೊಳದು ಒಣಗಸಲಿಲ್ಲ ಅಂದ್ರ ನಾಲ್ಕು ದಿನಕ್ಕ ಹಳೇ ಎಣ್ಣಿ ವಾಸನಿ ಬರ್ತೈತಿ.

1800ರ ಸುಮಾರಿಗೆ ಪ್ಯಾರಿಸಿನಾಗ ಎರಡು ಅಂತಸ್ತಿನ ಪಾತ್ರಿ ಬಂತು. ಮ್ಯಾಲಿನ ಡಬ್ಬಿ ತಳಕ್ಕ ಸಣ್ಣ ಸಣ್ಣ ತೂತು, ಅದರಾಗ ಪುಡಿ. ಮ್ಯಾಲಿಂದ ಬಿಸಿನೀರು ಹಾಕಿದ್ರ ಕೆಳಗಿನ ಡಬ್ಬಿಗೆ ಹನಿಹನಿಯಾಗಿ ಇಳೀತೈತಿ. ಮೈಸೂರು, ಬೆಂಗಳೂರು ಕಡೆಯವರ ಮನ್ಯಾಗ ನೋಡಿದ ಹಿತ್ತಾಳಿ ಇಲ್ಲಾ ಸ್ಟೀಲ್ ಫಿಲ್ಟರ್ ನೆನಪ ಮಾಡ್ಕೋರಿ, ಅದ ಕೆಲಸ. ಆದ್ರ ಆ ಫಿಲ್ಟರಿನಾಗ ಗಟ್ಟಿ ಡಿಕಾಕ್ಷನ್ ಇಳಿಸಿ, ಅದಕ್ಕ ಹಾಲು ಸಕ್ಕರಿ ಬೆರಸ್ತಾರ. ಜೋಡಿ ಚಿಕೋರಿ ಬೇರಿನ ಪುಡಿನೂ ಇರ್ತೈತಿ. ರುಚಿ ಭಾಳ ಚಲೋ, ಒಲ್ಲೆ ಅನ್ನಂಗಿಲ್ಲ. ಆದ್ರ ಡಿಕಾಕ್ಷನ್ನಿಗೆ ಸಕ್ಕರಿ ಹಾಲು ಬೇಕಬೇಕು. ನನ್ನ ಸಮಸ್ಯಾ ಅಲ್ಲೇ ಉಳೀತು.

ನೋಟುಬುಕ್ಕಿನ ಕಾಗದ, ಮೊಳಿ ಮತ್ತ ಒಬ್ಬ ಹೆಣ್ಣುಮಗಳು

ಕಾಗದದ ಫಿಲ್ಟರ್ ಕಂಡುಹಿಡದದ್ದು ಯಾವ ವಿಜ್ಞಾನಿನೂ ಅಲ್ಲ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದ ಮೆಲಿಟ್ಟಾ ಬೆಂಟ್ಜ್ ಅನ್ನೋ ಗೃಹಿಣಿ. ಕಾಫಿಯಾಗ ಚರಟ ಬಾಯಿಗೆ ಬರ್ತಿತ್ತು, ಕಹಿ ಆಗ್ತಿತ್ತು, ಆಕಿಗೆ ಬ್ಯಾಸರ ಬಂದಿತ್ತು. ಮಗನ ಶಾಲಿ ನೋಟುಬುಕ್ಕಿನಾಗಿನ ಶಾಯಿ ಹೀರೋ ಕಾಗದ ಹರಕೊಂಡ್ಲು. ಒಂದು ಹಿತ್ತಾಳಿ ಡಬ್ಬಿ ತಳಕ್ಕ ಮೊಳಿಲೆ ತೂತು ಹೊಡದು, ಅದರ ಮ್ಯಾಲೆ ಆ ಕಾಗದ ಹಾಸಿ, ಪುಡಿ ಹಾಕಿ ನೀರು ಹೊಯ್ದಳು. ತಿಳಿ ಕಾಫಿ ಕೆಳಗ ಬಂತು.

1908ರಲ್ಲಿ ಅದಕ್ಕ ಪೇಟೆಂಟ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ಲು. ಅದ ವರ್ಷ ಡಿಸೆಂಬರಿನಾಗ ಕಂಪನಿ ಸುರು ಮಾಡಿದಾಗ ಹಾಕಿದ ಬಂಡವಾಳ 73 ಫೆನಿಗ್. ಫೆನಿಗ್ ಅಂದ್ರ ಅವರ ಪೈಸೆ ಇದ್ದಂಗ. ಗಂಡ, ಮಕ್ಕಳು ಎಲ್ಲಾರೂ ಕೆಲಸಕ್ಕ ಕೂಡಿದ್ರು. ಮರುವರ್ಷ ಲೈಪ್‌ಜಿಗ್ ಜಾತ್ರ್ಯಾಗ 1,200 ಫಿಲ್ಟರ್ ಮಾರಾಟ ಆದವು. ಕಂಪನಿ ಇವತ್ತಿಗೂ ಐತಿ.

ನಾವು ಎಸ್ಸೆಸ್ಸೆಲ್ಸಿ ಓದುವಾಗ ಶಾಯಿ ಚೆಲ್ಲಿದ್ರ ಸೀಮೆಸುಣ್ಣದ ತುಂಡಿನಿಂದ ಹೀರಿಸ್ತಿದ್ದಿವಿ. ಅಂಥದ್ದ ಒಂದು ಸಣ್ಣ ಸಾಮಾನಿನಿಂದ ಒಬ್ಬ ತಾಯಿ ಜಗತ್ತಿನ ಅಡಗಿಮನಿ ಬದಲಿಸಿದ್ಲು. ನಮ್ಮ ಹೆಣ್ಣುಮಕ್ಕಳು ಶೆಡ್ಡಿನಾಗ ಮಣೂಕ ಆರಿಸುವಾಗ ಎಷ್ಟು ಯುಕ್ತಿ ಮಾಡ್ತಾರ. ಅದನ್ನ ಯಾರೂ ಬರದಿಡಂಗಿಲ್ಲ ಅಷ್ಟ.

ಈ ಕಾಗದದ್ದು ಇನ್ನೊಂದು ಗುಣ ಮುಂದ ಗೊತ್ತಾತು. ಕಾಫಿ ಎಣ್ಣಿಯೊಳಗ ಕೆಫೆಸ್ಟಾಲ್ ಅನ್ನೋ ಒಂದು ವಸ್ತು ಐತಿ, ಅದು ರಕ್ತದಾಗಿನ ಕೆಟ್ಟ ಕೊಲೆಸ್ಟರಾಲ್ ಏರಿಸ್ತೈತಿ. ನಾರ್ವೆ ದೇಶದ ಟ್ರೋಮ್ಸೊ ಪಟ್ಟಣದಾಗ 1980ರ ದಶಕದಲ್ಲಿ ಕಾಫಿ ಕುಡಿಯೋರ ರಕ್ತ ಪರೀಕ್ಷೆ ಮಾಡಿದಾಗ ಈ ವಿಷಯ ಎದ್ದು ಬಂತು. ಅಲ್ಲಿಯವರು ಪುಡಿ ಕುದಿಸಿ, ಸೋಸದ ಕುಡಿಯೋ ರೂಢಿಯವರು. ಕಾಗದದಾಗ ಸೋಸಿದ್ರ ಆ ಎಣ್ಣಿ ಬಹುಪಾಲು ಕಾಗದಕ್ಕ ಹಿಡಕೊಂತೈತಿ. ಸ್ಟೀಲ್ ಜಾಳಿಗಿಯಿಂದ ಅಷ್ಟು ಹಿಡಿಯಂಗಿಲ್ಲ. ನಮ್ಮಂಥ ಐವತ್ತು ದಾಟಿದವರಿಗೆ ಇದು ಸಣ್ಣ ಮಾತಲ್ಲ.

ಗಾಜು, ಜಪಾನು, ಮತ್ತ ತೂತಿನ ಲೆಕ್ಕ

1941ರಲ್ಲಿ ಅಮೆರಿಕಾದಾಗ ಪೀಟರ್ ಶ್ಲುಂಬೋಮ್ ಅನ್ನೋ ರಸಾಯನ ಶಾಸ್ತ್ರಜ್ಞ ಕೆಮೆಕ್ಸ್ ಮಾಡಿದ. ಪ್ರಯೋಗಶಾಲ್ಯಾಗಿನ ಗಾಜಿನ ಲಾಳಿಕೆ, ಗಾಜಿನ ಬಾಟ್ಲಿ ಎರಡೂ ಕೂಡಿಸಿ ಒಂದ ಪಾತ್ರಿ ಮಾಡಿದ್ದು. ನಡಕ್ಕ ಕಟ್ಟಿಗಿ ಪಟ್ಟಿ. ನೋಡಾಕ ಭಾಳ ಚಂದ, ನ್ಯೂಯಾರ್ಕಿನ ಮ್ಯೂಸಿಯಮ್ಮಿನಾಗ ಇಟ್ಟಾರ. ಕಾಗದ ದಪ್ಪ, ಕಾಫಿ ತಿಳಿ. ಆದ್ರ ನಮ್ಮ ಮನಿ ಬಚ್ಚಲ ಕಟ್ಟಿ ಮ್ಯಾಲೆ ಗಾಜಿನ ಪಾತ್ರಿ ಎಷ್ಟು ದಿನ ಬಾಳೀತು ಅಂತ ನೀವ ಹೇಳ್ರಿ.

ಆಮ್ಯಾಲೆ ಜಪಾನಿನವರು ಇದನ್ನ ಕೈಗೆತ್ತಿಕೊಂಡ್ರು. ಕಲಿಟಾ ಅನ್ನೋ ಕಂಪನಿ ತಳಕ್ಕ ಮೂರು ಸಣ್ಣ ತೂತಿನ ಡ್ರಿಪ್ಪರ್ ಮಾಡ್ತು. ಹ್ಯಾರಿಯೋ ಅನ್ನೋದು 1921ರಲ್ಲಿ ಟೋಕಿಯೋದಾಗ ಸುರುವಾದ ಗಾಜಿನ ಕಂಪನಿ. 2004-05ರ ಹೊತ್ತಿಗೆ ಅವರು ವಿ60 ಅಂತ ತಂದ್ರು. ‘ವಿ’ ಅಂದ್ರ ಆಕಾರ, 60 ಅಂದ್ರ 60 ಡಿಗ್ರಿ ಕೋನ. ತಳಕ್ಕ ಒಂದ ದೊಡ್ಡ ತೂತು, ಒಳಗ ಸುರುಳಿ ಸುರುಳಿ ಏಣು. ಏಣು ಯಾಕ ಅಂದ್ರ, ತೊಯ್ದ ಕಾಗದ ಗೋಡಿಗೆ ಅಂಟಬಾರದು, ಹವಾ ಹೊರಗ ಹೋಗಾಕ ದಾರಿ ಇರಬೇಕು. ಕಲಿಟಾದವರು ಮುಂದ ಸಪಾಟ ತಳದ ‘ವೇವ್’ ಅಂತ ತಂದ್ರು. ಅದರ ಕಾಗದ ಲಂಗದ ನಿರಿಗಿ ಹಂಗ ಇರ್ತೈತಿ.

ಈಗ ನಮ್ಮ ಭಾಷ್ಯಾಗ ಹೇಳ್ತೀನಿ, ಯಾಕಂದ್ರ ಡ್ರಿಪ್ಪರ್ ವಿಷಯದಾಗ ಐಗಳಿ ರೈತರಿಗೆ ಬೆಂಗಳೂರಿನವರು ಪಾಠ ಹೇಳಬೇಕಾಗಿಲ್ಲ. ನಮ್ಮ ಪಡದಾಗ ಸಾದಾ ಡ್ರಿಪ್ಪರ್ ಹಾಕಿದ್ರ ಏರಿನ ಗಿಡಕ್ಕ ಕಡಿಮಿ, ಇಳಿಜಾರಿನ ಗಿಡಕ್ಕ ಜಾಸ್ತಿ ನೀರು. ಅದಕ್ಕ ಪಿ.ಸಿ. ಡ್ರಿಪ್ಪರ್ ಹಾಕ್ತೀವಿ, ಪ್ರೆಷರ್ ಎಷ್ಟಿದ್ರೂ ಗಂಟೆಗೆ 4 ಲೀಟರ್ ಅಂದ್ರ 4 ಲೀಟರ್. ಮೆಲಿಟ್ಟಾದ ಸಣ್ಣ ತೂತಿನ ಡ್ರಿಪ್ಪರ್ ಹೆಚ್ಚು ಕಡಿಮಿ ಹಂಗ. ನೀವು ನೀರು ಹೆಂಗ ಹೊಯ್ದ್ರೂ ತೂತು ತಾನು ಬಿಡೋಷ್ಟ ಬಿಡ್ತೈತಿ. ಕಲಿಟಾದ ಮೂರು ತೂತೂ ಅದಕ್ಕ ಸಮೀಪ. ವಿ60 ಹಂಗಲ್ಲ. ದೊಡ್ಡ ತೂತು ಯಾರನ್ನೂ ತಡಿಯಂಗಿಲ್ಲ. ಅದು ಹಾಯಿನೀರು ಬಿಟ್ಟಂಗ. ಸಲಕಿ ಹಿಡದವನ ಕೈ ಮ್ಯಾಲೆ ಎಲ್ಲಾ ನಿಂತಿರ್ತೈತಿ. ಕೈ ಪಳಗಿದವಗ ಭಾಳ ಚಲೋ, ಹೊಸಬಗ ಒಂದು ದಿನ ಕೆರಿ, ಒಂದು ದಿನ ಬರ.

ಪುಡಿನೂ ಮಣ್ಣಿನಂಗ. ನುಣ್ಣಗ ಅರದ್ರ ಎರಿ ಭೂಮಿ: ನೀರು ನಿಲ್ತೈತಿ, ಇಳಿಯಂಗಿಲ್ಲ, ಕಾಫಿ ಕಹಿ ಆಗ್ತೈತಿ. ಉರುಟು ಅರದ್ರ ಗರಸು ಮಡ್ಡಿ: ನೀರು ಸರ್ರನ ಹೋಗ್ತೈತಿ, ಕಾಫಿ ಹುಳಿ ಹುಳಿ, ತೆಳ್ಳಗ. ರವಾ ಇರ್ತೈತಲ್ಲ, ಅದಕ್ಕಿಂತ ತುಸು ಉರುಟು ಇರಬೇಕು. ನೀರು ಒಂದ ಕಡೆ ಹೊಯ್ದ್ರ ಒಡ್ಡು ಒಡದಂಗ ಅಲ್ಲೇ ಕಾಲುವಿ ಕೊರಕೊಂಡು ಹೋಗ್ತೈತಿ. ಆ ಜಾಗದ ಪುಡಿ ಸತ್ವ ಎಲ್ಲಾ ಬಸಿದು ಕಹಿ, ಬಾಜೂದ್ದು ಒಣ. ಸಪಾಟ ತಳ ಇದ್ರ ಪುಡಿ ಎಲ್ಲಾ ಕಡೆ ಒಂದ ದಪ್ಪ ಇರ್ತೈತಿ, ಲೆವಲ್ ಮಾಡಿದ ಮಡಿ ಹಂಗ. ಹೊಸಬರ ತಪ್ಪನ್ನ ಅದು ಹೊಟ್ಟಿಗೆ ಹಾಕ್ಕೊಂತೈತಿ.

ನಾನು ಮಾಡಿದ ತಪ್ಪುಗಳು

ಮಗಳು ಕಳಿಸಿದ್ದು ದೊಡ್ಡ ತೂತಿನದು. ಮೊದಲನೇ ದಿನ ಅಥಣಿಯಿಂದ ತಂದ ಫಿಲ್ಟರ್ ಕಾಫಿ ಪುಡಿ ಹಾಕಿದೆ. ಅದು ಸ್ಟೀಲ್ ಫಿಲ್ಟರಿಗಂತ ನುಣ್ಣಗ ಅರದ ಚಿಕೋರಿ ಕೂಡಿಸಿದ ಪುಡಿ, ನನಗ ಗೊತ್ತಿರಲಿಲ್ಲ. ನೀರು ಇಳಿಯಾಕ ಹನ್ನೆರಡು ನಿಮಿಷ ತಗೊಂತು. ಬಾಯಾಗ ಇಟ್ಟರ ಬೇವಿನ ಕಷಾಯ. ಸಕ್ಕರಿ ಡಬ್ಬಿ ಕಡೆ ಕೈ ಹೋತು, ಮನಿಯವರು ಹಿಡದ್ರು.

ಆಮ್ಯಾಲೆ ಮಗಳಿಗೆ ಹೇಳಿ ಚಿಕೋರಿ ಇಲ್ಲದ ಅರೇಬಿಕಾ, ಉರುಟು ಅರಸಿ ತರಿಸಿದೆ. ಈ ಸಲ ನೀರು ಒಂದ ನಿಮಿಷದಾಗ ಹೋತು, ಕಣಕಿ ತೊಳದ ನೀರಿನಂಗ. ಮೂರನೇದ್ದು ನಮ್ಮ ಬೋರಿನ ನೀರು. ನಮ್ಮ ಬದಿಗೆ ನೀರು ಸವಳು, ಲ್ಯಾಟರಲ್ಲಿಗೆ ಆಸಿಡ್ ಬಿಟ್ಟು ತೊಳೀತೀವಿ. ಆ ನೀರಿನಾಗ ಕಾಫಿ ಸಪ್ಪಗ, ಸುಣ್ಣದಂಗ. ಪ್ಲಾಂಟಿನ ನೀರಿನ ಕ್ಯಾನ್ ತಂದು ಮಾಡಿದ ದಿನ ಮೊದಲನೇ ಸಲ ಕಾಫಿ ಕಾಫಿ ಹಂಗ ಬಂತು. ಡ್ರಿಪ್ಪರ್ ಯಾವುದು ಅಂತ ಚಿಂತಿ ಮಾಡೋದಕ್ಕಿಂತ ಮೊದಲು ನೀರು, ಆಮ್ಯಾಲೆ ಪುಡಿ. ಹೊಲದಾಗೂ ಹಂಗ ಅಲ್ಲೇನು?

ಒಂದು ತಿಂಗಳು ಆದಮ್ಯಾಲೆ ಸಪಾಟ ತಳದ್ದೊಂದು ತರಿಸಿದೆ. ಈಗ ದಿನಾ ಅದರಾಗ ಮಾಡ್ತೀನಿ. ದೊಡ್ಡ ತೂತಿನದ್ದನ್ನ ಮಗಳು ಬಂದಾಗ ಆಕಿ ಮಾಡ್ತಾಳ.

ಹಂಗಾದ್ರ ಯಾವುದು ತಗೋಬೇಕು?

ಇತಿಹಾಸ ಓದಿ, ತಪ್ಪು ಮಾಡಿ ನನಗ ತಿಳದದ್ದು ಇಷ್ಟು.

ಮೊದಲನೇದ್ದು, ಕಾಗದ. ಪಂಪ್‌ಸೆಟ್ ತಗೊಳ್ಳುವಾಗ ಸ್ಪೇರ್ ಎಲ್ಲಿ ಸಿಗ್ತೈತಿ ಅಂತ ಕೇಳ್ತೀವಲ್ಲ, ಹಂಗ. ಪ್ರತಿ ಡ್ರಿಪ್ಪರಿಗೂ ಬ್ಯಾರೆ ಬ್ಯಾರೆ ಆಕಾರದ ಕಾಗದ. ವಿ60 ಆಕಾರದ ಕಾಗದ ಸಿಗೋದು ಸರಳ. ನಿರಿಗಿ ಕಾಗದ ತುಟ್ಟಿ, ತುಸು ಅಪರೂಪ, ಮಾರ್ಗದಾಗ ಒತ್ತಿ ನಿರಿಗಿ ಮುದುಡಿದ್ರ ಕೆಲಸಕ್ಕ ಬರಂಗಿಲ್ಲ. ಡ್ರಿಪ್ಪರ್ ಒಮ್ಮೆ ಕೊಳ್ತೀರಿ, ಕಾಗದ ಕಡೀತನಕ.

ಎರಡನೇದ್ದು, ಆಕಾರ. ಕೈ ಪಳಗದವರು ಸಪಾಟ ತಳದ್ದು ಇಲ್ಲಾ ಸಣ್ಣ ತೂತಿನದ್ದು ತಗೋರಿ. ಮುಚ್ಚಿ ತಗಿಯೋ ಚಾವಿ ಇರೋ ಡ್ರಿಪ್ಪರೂ ಬಂದಾವ. ಪುಡಿ ನೀರು ಹಾಕಿ ನಾಲ್ಕು ನಿಮಿಷ ನೆನಸಿ, ಆಮ್ಯಾಲೆ ವಾಲ್ ತಗದು ಬಿಡೋದು. ಅದು ಎಲ್ಲಕ್ಕಿಂತ ಸರಳ.

ಮೂರನೇದ್ದು, ಸಾಮಾನು. ಪ್ಲಾಸ್ಟಿಕ್ ಅಗ್ಗ, ಒಡಿಯಂಗಿಲ್ಲ, ಮತ್ತ ಬಿಸಿ ಹೀರಂಗಿಲ್ಲ. ಪಿಂಗಾಣಿ ಚಂದ, ಆದ್ರ ಮೊದಲು ಬಿಸಿನೀರು ಹಾಕಿ ಕಾಯಿಸದಿದ್ರ ಕಾಫಿ ಬಿಸಿಯೆಲ್ಲಾ ಅದ ಕುಡೀತೈತಿ. ತುಟ್ಟಿದ್ದ ಚಲೋ ಅನ್ನೋ ಮಾತು ಇಲ್ಲಿ ಸುಳ್ಳು. ಉಳಿಸಿದ ರೊಕ್ಕ ಕೈಯಾಗ ತಿರುಗಿಸೋ ಬೀಸೋ ಗಿರಣಿಗೆ ಮತ್ತ ಸಣ್ಣ ತಕ್ಕಡಿಗೆ ಹಾಕ್ರಿ.

ಮಾಡೋ ರೀತಿ: ಕಾಗದ ಇಟ್ಟು ಬಿಸಿನೀರು ಹೊಯ್ದು ಆ ನೀರು ಚೆಲ್ರಿ, ಕಾಗದದ ವಾಸನಿ ಹೋಗ್ತೈತಿ. 15 ಗ್ರಾಂ ಪುಡಿಗೆ 240 ಗ್ರಾಂ ನೀರು. ಕುದಿ ಬಂದಮ್ಯಾಲೆ ಅರ್ಧ ನಿಮಿಷ ಬಿಟ್ಟು ಹೊಯ್ಯರಿ. ಮೊದಲು 30-40 ಗ್ರಾಂ ನೀರು ಹಾಕಿ ಅರ್ಧ ನಿಮಿಷ ಕಾಯ್ರಿ, ಪುಡಿ ಉಬ್ಬಿ ಗುಳ್ಳಿ ಬಿಡ್ತೈತಿ. ಒಣ ಭೂಮಿಗೆ ಮೊದಲು ಹಸಿ ಮಾಡಿದಂಗ. ಉಳದ ನೀರು ಎರಡು ಮೂರು ಸಲ ನಿಧಾನ ಸುತ್ತಾಗಿ ಹೊಯ್ಯರಿ. ಒಟ್ಟು ಮೂರು ಮೂರೂವರೆ ನಿಮಿಷದಾಗ ಇಳೀಬೇಕು. ಬ್ಯಾಗ ಇಳದ್ರ ನಾಳೆ ನುಣ್ಣಗ ಅರೀರಿ, ತಡ ಆದ್ರ ಉರುಟು. ಚರಟ, ಕಾಗದ ಎರಡೂ ಎರೆಗೊಬ್ಬರದ ಗುಂಡಿಗೆ.

ಕಾಫಿ ರೈತ ಮತ್ತ ನಾವು

ಒಂದು ಮಾತು ಹೇಳಿ ಮುಗಿಸ್ತೀನಿ, ನನಗ ಇದು ಡ್ರಿಪ್ಪರಿಗಿಂತ ದೊಡ್ಡದು ಅನ್ನಿಸೈತಿ.

1942ರ ಕಾಫಿ ಕಾಯ್ದೆಯಿಂದ ಕಾಫಿ ಬೋರ್ಡು ಗಟ್ಟಿಯಾತು. ಯುದ್ಧದ ಕಾಲ, ಹೊರದೇಶದ ಮಾರ್ಕೆಟ್ ಮುಚ್ಚಿತ್ತು, ಬೆಳೆಗಾರ ಸಾಯೋ ಹೊತ್ತಿನಾಗ ಪೂಲ್ ಪದ್ಧತಿ ಅವನ್ನ ಉಳಿಸ್ತು ಅನ್ನೋದು ಖರೆ. ಬೆಳದದ್ದೆಲ್ಲಾ ಬೋರ್ಡಿನ ಪೂಲಿಗೆ ಹಾಕಬೇಕು, ಎಲ್ಲಾರ ಕಾಫಿ ಕೂಡಿಸಿ ಮಾರಿ, ಕಂತಿನ ಮ್ಯಾಲೆ ರೊಕ್ಕ ಕೊಡ್ತಿದ್ರು. ಆದ್ರ ಯುದ್ಧ ಮುಗದ ಮ್ಯಾಲೂ ಐವತ್ತು ವರ್ಷ ಅದ ನಡೀತು. ಚಲೋ ಬೆಳದವನ ಕಾಫಿ, ಕೆಟ್ಟದಾಗಿ ಬೆಳದವನ ಕಾಫಿ ಕೂಡೇ ಹೋಗ್ತಿತ್ತು. ತನ್ನ ಹೆಸರಿಲೆ ಮಾರೋ ಹಕ್ಕು ರೈತಗ ಇರಲಿಲ್ಲ. 1992ರಿಂದ ಸ್ವಲ್ಪ ಸ್ವಲ್ಪ ಸಡಿಲಾಗಿ, 1996ಕ್ಕ ಪೂರ್ತಿ ಬಿಡುಗಡೆ ಆತು. ಬೆಲೆ ಬಿದ್ದಾಗ ಆಸರೆ ಇಲ್ಲದಂಗಾತು ಅನ್ನೋ ಕಾಫಿ ರೈತರೂ ಅದಾರ, ಅವರ ಮಾತೂ ಸುಳ್ಳಲ್ಲ. ಆದ್ರ ಅದಾದಮ್ಯಾಲೇನ ತೋಟದ ಹೆಸರು, ತಳಿ ಹೆಸರು, ಹಣ್ಣು ಹೆಂಗ ಒಣಗಿಸಿದ್ರು ಅನ್ನೋದು ಪಾಕೀಟಿನ ಮ್ಯಾಲೆ ಬರಾಕ ಸುರುವಾತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಕ್ಕ ಜಿ.ಐ. ಟ್ಯಾಗೂ ಸಿಕ್ತು.

ಹಾಲು ಸಕ್ಕರಿ ಚಿಕೋರಿ ಕೂಡಿಸಿದ ಕಾಫ್ಯಾಗ ತೋಟದ ರುಚಿ ಗೊತ್ತಾಗಂಗಿಲ್ಲ. ಕಾಗದದಾಗ ಸೋಸಿದ ಕರಿ ಕಾಫ್ಯಾಗ ಗೊತ್ತಾಗ್ತೈತಿ. ಅದಕ್ಕ ಈ ಪ್ಲಾಸ್ಟಿಕ್ ಲಾಳಿಕೆ ಕಾಫಿ ರೈತಗ ಒಂದು ಆಸ್ತಿ ಅಂತ ನನಗ ತಿಳೀತು. ಕುಡಿಯೋನಿಗೆ ರುಚಿ ಗೊತ್ತಾದ್ರ ಬೆಳದವನ ಹೆಸರು ಕೇಳ್ತಾನ.

ಈಗ ನಮ್ಮ ಮಣೂಕ ನೋಡ್ರಿ. ಡಿಪ್ಪಿಂಗ್ ಮಾಡಿ, ಹದಿನೈದು ದಿನ ಜಾಳಿಗಿ ಮ್ಯಾಲೆ ಒಣಗಿಸಿ, ಮಳಿ ಬಂದೀತು ಅಂತ ರಾತ್ರಿ ನಿದ್ದಿಗೆಟ್ಟು ತಯಾರು ಮಾಡ್ತೀವಿ. ಲಿಲಾವಿನಾಗ ವ್ಯಾಪಾರಿ ಕೈಯಾಗ ಹಿಡದು ನೋಡಿ ಬಣ್ಣದ ಮ್ಯಾಲೆ ದರ ಹೇಳ್ತಾನ. ನಮ್ಮದು, ನಿಮ್ಮದು ಎಲ್ಲಾ ಒಂದ ಪೆಟಗಿಗೆ ಹೋಗಿ, ಪಾಕೀಟಿನ ಮ್ಯಾಲೆ ಬ್ಯಾರೆ ಯಾರದೋ ಹೆಸರು. ನಮ್ಮನ್ನ ಯಾವ ಕಾಯ್ದೆನೂ ತಡದಿಲ್ಲ, ಆದ್ರೂ ನಾವಿನ್ನೂ ಪೂಲಿನಾಗ ಅದೀವಿ. ಈ ಸಲ ನಾನು ಮಗಳ ಗೆಳತ್ಯಾರಿಗೆ ಅಂತ 20 ಕಿಲೋ ಅರ್ಧರ್ಧ ಕಿಲೋ ಪಾಕೀಟು ಮಾಡಿ, ಊರ ಹೆಸರು ‘ಐಗಳಿ’ ಅಂತ ಬರದು ಕಳಿಸೀನಿ. 20 ಕಿಲೋ ಅಂದ್ರ ಏನೂ ಅಲ್ಲ, ನನಗ ಗೊತ್ತು. ಮೆಲಿಟ್ಟಾ ಬಾಯಿ 73 ಪೈಸೆಯಿಂದ ಸುರು ಮಾಡಿದ್ದು ನೆನಪಿಟ್ಟೀನಿ ಅಷ್ಟ.

ಸಕ್ಕರಿ ಕಾಯಿಲೆ ಕಾಫಿಯಿಂದ ಹೋಗಂಗಿಲ್ಲ, ಯಾರೂ ಗುಳಗಿ ಬಿಡಬ್ಯಾಡ್ರಿ. ಆದ್ರ ದಿನಕ್ಕ ಇಪ್ಪತ್ತು ಚಮಚ ಸಕ್ಕರಿ ಹೊಟ್ಟಿಗೆ ಹೋಗೋದು ನಿಂತೈತಿ. ಹೋದ ತಿಂಗಳ ರಿಪೋರ್ಟ್ ನೋಡಿ ಡಾಕ್ಟರು ಈ ಸಲ ಮುಖ ನೋಡಲಿಲ್ಲ, “ಹಿಂಗ ಇರಲಿ” ಅಂದ್ರು.

ಹೊಲದ ಕಡೆ ಬಂದ್ರ ಶೆಡ್ಡಿಗೆ ಬರ್ರಿ, ಒಂದು ಕಪ್ಪು ಮಾಡಿ ಕೊಡ್ತೀನಿ. ಸಕ್ಕರಿ ಬೇಕಂದ್ರ ನಿಮ್ಮದ ನೀವು ತರ್ರಿ. ಮುಂದಿನ ವಾರ ಸಬ್‌ಕೇನ್ ಬಗ್ಗೆ ಬರೀತೀನಿ.